ಎಡಮೂಲೆಯ ಶಿಳ್ಳೆ

“ಗಾಡಿ ತರಬ್ಯಾಡ್ರಿ, ಮೂಲಿ ತರ್ರಿ ಅಂತ ಎಲ್ಲಾರಿಗೂ ಬಡಕೋತೇನಿ,” ಎಂದ ಅರ್ಷದ. “ಗ್ಲಾಸಿನ ಮೂಲ್ಯಾಗ ಮಾರ್ಕ ಇರತೈತಿ. ಅದನ್ನ ನೋಡಿದರ ಸಾಕು, ಯಾವ ಗಾಡೀದು, ಯಾವ ಕಂಪನೀದು, ಎಲ್ಲಾ ತಿಳೀತೈತಿ. ಯಾರೂ ಕೇಳಂಗಿಲ್ಲ. ನೀವರ ಶಾಣ್ಯಾರು, ಮೂಲೀನ ತಂದೀರಿ.”

ಅಂಗೈಯಗಲದ ಗಾಜಿನ ತುಂಡನ್ನು ಅವನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದ. ಬಾಗಲಕೋಟೆಯ ನವನಗರದಲ್ಲಿ ವಾಹನಗಳ ಗಾಜು ಮಾರುವ ಅಂಗಡಿ ಅವನದು. ಗೋಡೆಗೆ ಒರಗಿಸಿದ್ದ ಹೊಸ ಗಾಜುಗಳಲ್ಲೆಲ್ಲ ಶೈಲಶ್ರೀಯ ಮುಖ ಕಾಣುತ್ತಿತ್ತು. ಅವಳು ನೋಡಲಿಲ್ಲ.

ಅವಳ ಗಂಡ ಸಂಗಮೇಶ ದೀಪಾವಳಿಯ ಹೊತ್ತಿಗೆ ಕುಳಗೇರಿ ಕ್ರಾಸ್ ಬಳಿ ಬೈಕಿನಿಂದ ಬಿದ್ದು ಸತ್ತ ಮೇಲೆ ಒಂದು ಚಳಿಗಾಲ ಕಳೆದಿತ್ತು. ಗುದ್ದಿದ ವಾಹನ ಯಾವುದೆಂದು ತಿಳಿಯದೆ ಪೊಲೀಸರು ಕಡತ ಮುಚ್ಚಿದ್ದರು. ದವಾಖಾನೆಯಿಂದ ಮರಳಿದ ಅವನ ಸಾಮಾನಿನಲ್ಲಿ ಈ ತುಂಡಿತ್ತು. ಅವನನ್ನು ಕೊಂದ ವಾಹನದ ಗಾಜು ಇದೇ ಎಂದು ನಂಬಿ ಅವಳು ಅದನ್ನು ಜೋಹರಾ ಅವರ ಮೇಜಿನ ಮೇಲೆ ಇಟ್ಟಿದ್ದಳು.

ಜೋಹರಾ ವಿಮಾ ಕಂಪನಿಯೊಂದರಲ್ಲಿ ಸುಳ್ಳು ಅಪಘಾತಗಳನ್ನು ಹಿಡಿದೇ ಕೂದಲು ಬೆಳ್ಳಗೆ ಮಾಡಿಕೊಂಡವರು. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿರಲಿಲ್ಲ.

“ಯಾವ ಗಾಡೀದಪ್ಪ?” ಎಂದು ಕೇಳಿದರು.

“ಪದ್ಮಿನಿ ಕಾರಿಂದು.” ಅರ್ಷದ ನಕ್ಕ. “ನಮ್ಮಪ್ಪನ ಮದವ್ಯಾಗ ಪದ್ಮಿನಿ ಬರೂ ತನಾ ಅವರು ಮಂಟಪಕ್ಕ ಹೊಂಟಿದ್ದಿಲ್ಲಂತ. ಈಗ ಅದಕ್ಕ ಹೊಸಾ ಗ್ಲಾಸು ಎಲ್ಲಿಂದ ತರೂದ್ರಿ? ಹುನಗುಂದದಾಗ ಮಲೀಕಸಾಬರ ಗುಜರಿ ಐತಿ. ಹಳೇ ಗಾಡಿ ಬಿಚ್ಚತಾರ. ಅಲ್ಲೆ ಸಿಕ್ಕರ ಸಿಕ್ಕತು. ಇಲ್ಲಂದರ ಹುಬ್ಬಳ್ಳಿ.”

ಶೈಲಶ್ರೀ ಮೊದಲ ಸಲ ಬಾಯಿ ತೆರೆದಳು. “ನಮ್ಮ ಬಾದಾಮಿ ಮನ್ಯಾಗೂ ಒಂದು ಪದ್ಮಿನಿ ಐತ್ರಿ ಅಕ್ಕಾರ. ನಮ್ಮ ಮಾವನೋರದು. ಅವರು ಹೋದಮ್ಯಾಲ ಇವರು ಆಗಾಗ ಹೊಡೀತಿದ್ರು.”

ಜೋಹರಾ ಅವಳ ಕಡೆ ನಿಧಾನವಾಗಿ ತಿರುಗಿದರು. “ಅದರ ಮುಂದಿನ ಗ್ಲಾಸು?”

“ನೆಟ್ಟಗೈತಿ. ಸಂಕ್ರಾಂತಿಗೆ ಹೋದಾಗ ನೋಡೇನಿ.”

“ಭಾಳ ಚಲೋ ಆತು.” ಜೋಹರಾ ತುಂಡನ್ನು ಕೈಗೆ ತೆಗೆದುಕೊಂಡರು. “ಇಬ್ಬರು ಹೆಣ್ಮಕ್ಕಳು ಬರೇ ತುಂಡು ಹಿಡಕೊಂಡು ಗುಜರಿಗೆ ಹೋದರ ಪೊಲೀಸರ ಕಡೆಯವರು ಅಂತಾರ. ಪದ್ಮಿನಿ ಹೊಡಕೊಂಡು ಹೋದರ ಗಿರಾಕಿ ಅಂತಾರ. ನಮ್ಮ ಗಾಡಿಗೆ ಗ್ಲಾಸು ಬೇಕು ಅನ್ನೂಣು. ನಮಗಿಂತ ಮದಲ ಯಾರು ಕೇಳ್ಯಾರ ಅನ್ನೂದು ತಾನ ಹೊರಗ ಬೀಳತೈತಿ.”

ಅಂಗಡಿಯ ಮೆಟ್ಟಿಲಿಳಿದು ಅವರು ತುಂಡನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತತೊಡಗಿದರು. ಅರ್ಧಕ್ಕೆ ಕೈ ನಿಂತಿತು.

“ಈ ದಸ್ತಿ ಯಾರದು ಶೈಲಾ?”

“ಅವರದ.”

“ಸುತ್ತಿದವರು?”

“ದವಾಖಾನ್ಯಾಗ ಸುತ್ತಿ ಕೊಟ್ಟಿರಬೇಕ್ರಿ.”

“ರಕ್ತ ಇಲ್ಲ,” ಎಂದರು ಜೋಹರಾ. “ಧೂಳೂ ಇಲ್ಲ.”

ಅದು ಎರಡು ಪದರದ ಗಾಜು. ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆಯಿತ್ತು. ಆ ಪೊರೆಯ ಅಂಚಿನ ಮೇಲೆ ಜೋಹರಾ ಉಗುರು ಆಡಿಸಿದರು. ಅಂಚು ಹರಿದಂತಿರಲಿಲ್ಲ. ನೇರವಾಗಿತ್ತು. ಅವರು ತುಂಡನ್ನು ಚೀಲಕ್ಕೆ ಹಾಕಿಕೊಂಡರು.

*

ಮರುದಿನ ಬೆಳಿಗ್ಗೆ ಬಾದಾಮಿಯ ಮನೆಯ ಪಡಸಾಲೆಯಲ್ಲಿ ರತ್ನಾಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ಮಗ ಸತ್ತ ಮೇಲೆ ಅವರು ತೆಳ್ಳಗಾಗಿದ್ದರು. ಕೈ ಮಾತ್ರ ಮೊದಲಿನಂತೆಯೇ ಚುರುಕಾಗಿತ್ತು.

“ಮಹಾಕೂಟಕ್ಕ ಹೋಗಿ ಬರ್ತೇವಿ ಅತ್ತಿ,” ಎಂದಳು ಶೈಲಶ್ರೀ. “ಗಾಡಿ ಒಯ್ಯಲೇನು?”

ರತ್ನಾಬಾಯಿ ತಲೆ ಎತ್ತಿ ಜೋಹರಾ ಅವರನ್ನು ನೋಡಿದರು. “ಇವರು?”

“ನಮ್ಮ ಬಾಗಲಕೋಟಿ ಮನಿ ಹತ್ರದವರು.”

“ಮಹಾಕೂಟದಾಗ ನಿಮಗೇನು ಕೆಲಸ್ರೀ ಬಾಯಾರ?”

“ಅಲ್ಲೆ ಹೊಂಡದ ನೀರು ಭಾಳ ತಣ್ಣಗಿರತೈತಂತಲ್ರಿ,” ಎಂದರು ಜೋಹರಾ. “ದೇವರು ಯಾರವರಿದ್ದರೂ ಇರಲಿ, ನನ್ನ ಮಣಕಾಲಿಗೆ ತಣ್ಣೀರಿದ್ದರ ಸಾಕು.”

ರತ್ನಾಬಾಯಿ ನಕ್ಕರು. ನಗುವಾಗ ತಲೆಯ ಮೇಲಿನ ಸೆರಗು ಹಿಂದಕ್ಕೆ ಜಾರಿತು. ಹಣೆ ಮುಗಿದು ಕೂದಲು ಶುರುವಾಗುವಲ್ಲಿ ನಸುಗೆಂಪು ಗಾಯದ ಗೆರೆಯೊಂದಿತ್ತು. ಅವರು ಸೆರಗನ್ನು ಮುಂದಕ್ಕೆ ಎಳೆದುಕೊಂಡರು.

“ಇನ್ನೂ ಅದನ್ನ ಹುಡುಕಾಕತ್ತೀಯೇನು ಶೈಲಾ?”

ಶೈಲಶ್ರೀ ಮೊರದಿಂದ ಹೊರಬಿದ್ದ ಕಾಳೊಂದನ್ನು ಹೆಕ್ಕಿ ಒಳಗೆ ಹಾಕಿದಳು.

“ಹೋದಾಂವ ಹೊಳ್ಳಿ ಬರಂಗಿಲ್ಲವಾ. ನೀ ಓದಿದಾಕಿ. ಒಂದು ನೌಕರಿ ನೋಡಿಕೋ. ನನ್ನಂಗ ಜೋಳದಾಗ ಹರಳು ಆರಿಸಿಕೋತ ಕುಂಡರಬ್ಯಾಡ.”

“ಗುದ್ದಿದವರು ಯಾರಂತ ತಿಳಿದರ ಸಾಕು ಅತ್ತಿ. ಆಮ್ಯಾಲ ಏನೂ ಕೇಳಂಗಿಲ್ಲ. ಕೇಸೂ ಬ್ಯಾಡ, ಪರಿಹಾರಾನೂ ಬ್ಯಾಡ. ಹೆಸರು ಒಂದು ಬೇಕು.”

ರತ್ನಾಬಾಯಿ ಎದ್ದು ಒಳಗೆ ಹೋಗಿ ಕೀಲಿ ತಂದರು. ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಚೋಕ ಪೂರಾ ಎಳೀಬ್ಯಾಡ, ಅರ್ಧಾ ಎಳಿ. ಎರಡನೇ ಗೇರು ಬಿಗಿ ಐತಿ. ಜಬರದಸ್ತಿ ಮಾಡಿದರ ಕಿರಿಕಿರಿ ಮಾಡತೈತಿ. ಸಾವಕಾಶ ಹಾಕು.”

ಹಿತ್ತಲಿನ ಶೆಡ್ಡಿನಲ್ಲಿ ಬೂದು ಬಣ್ಣದ ಪದ್ಮಿನಿ ಹಳೆಯ ಜಮಖಾನೆ ಹೊದ್ದು ನಿಂತಿತ್ತು. ಶೈಲಶ್ರೀ ಚೋಕ್ ಅರ್ಧ ಎಳೆದು ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಎಂಜಿನ್ ಎದ್ದಿತು.

“ಭಲೇ,” ಎಂದರು ಜೋಹರಾ. “ನನ್ನ ಸ್ಕೂಟರು ಎರಡು ದಿನ ನಿಂತರ ಒದ್ದು ಒದ್ದು ಕಾಲು ಬೀಳತಾವ. ಇದು ದೀಪಾವಳಿಯಿಂದ ನಿಂತದ್ದು.”

*

ಪಟ್ಟದಕಲ್ಲು ದಾಟಿದರು. ಆಮೇಲೆ ಜೋಹರಾ ಕೇಳಿದರು.

“ನಿಮ್ಮ ಅತ್ತಿ ಹಣಿ ಮ್ಯಾಲಿನ ಗಾಯ?”

“ಅವರು ಹೋದ ದಿನ ಕಂಬಕ್ಕ ತಲಿ ಬಡಕೊಂಡಾರ.”

“ನೀ ನೋಡಿದೇನು?”

“ಇಲ್ರಿ. ನಾ ಬಾಗಲಕೋಟಿಯಿಂದ ಬರೂದರಾಗ ಪಟ್ಟಿ ಕಟ್ಟಿತ್ತು. ಎಲ್ಲಾರೂ ಹಂಗ ಅಂದ್ರು.”

ರಸ್ತೆ ನೇರವಾಯಿತು. ಶೈಲಶ್ರೀ ವೇಗ ಹೆಚ್ಚಿಸಿದಳು. ಆಗ ಗಾಜಿನ ಎಡಮೂಲೆಯಿಂದ ಸಣ್ಣ ಶಿಳ್ಳೆಯೊಂದು ಎದ್ದಿತು. ಯಾರೋ ಹಲ್ಲು ಕಚ್ಚಿಕೊಂಡು ಊದಿದ ಹಾಗೆ. ವೇಗ ಇಳಿಸಿದಾಗ ನಿಂತಿತು. ಏರಿಸಿದಾಗ ಮತ್ತೆ ಬಂತು.

“ಮದ್ಲಿಂದ ಹಿಂಗ ಹೊಡೀತಿತ್ತೇನು?”

“ಗೊತ್ತಿಲ್ರಿ ಅಕ್ಕಾರ. ಗಾಡ್ಯಾಗ ಹೋಗುವಾಗ ನಾ ಮಾತಾಡತಿದ್ದೆ, ಅವರು ಹೂಂ ಅಂತಿದ್ರು. ಶಿಳ್ಳಿ ಇದ್ದರೂ ಕೇಳತಿದ್ದಿಲ್ಲ.”

ಅಮೀನಗಡದಲ್ಲಿ ಚಹಾಕ್ಕೆ ನಿಂತರು. ಜೋಹರಾ ಕರದಂಟಿನ ಪೊಟ್ಟಣ ಕೊಂಡರು. “ಅಮೀನಗಡದ ಮ್ಯಾಲಿಂದ ಹಾದು ಕರದಂಟು ಒಯ್ಯಲಿಲ್ಲಂದರ ನಮ್ಮ ಮನ್ಯಾಗ ನನ್ನ ಪ್ರವಾಸಾನ ನಂಬಂಗಿಲ್ಲ,” ಎಂದು ಹೇಳಿ, ಪೊಟ್ಟಣವನ್ನು ಬಾನೆಟ್ಟಿನ ಮೇಲಿಟ್ಟು ಗಾಜಿನ ಎಡಮೂಲೆಗೆ ಬಗ್ಗಿದರು.

ಗಾಜಿನ ಸುತ್ತ ಕಪ್ಪು ರಬ್ಬರಿನ ಪಟ್ಟಿ. ಅದರ ಎರಡು ತುದಿ ಕೂಡುವ ಜಾಗ ಆ ಮೂಲೆಯಲ್ಲೇ ಇತ್ತು. ಜೋಹರಾ ತಲೆಯಿಂದ ಪಿನ್ನು ತೆಗೆದು ಆ ಸಂದಿಗೆ ಆಡಿಸಿದರು. ಗ್ರೀಸು ಹತ್ತಿದ ಕೆಂಪು ಎಳೆಗಳ ಚಿಕ್ಕ ಉಂಡೆಯೊಂದು ಹೊರಬಂತು.

“ಇದೇನು?”

“ಅತ್ತಿ ಸೀರೀದು ಸಿಕ್ಕಿರಬೇಕು.”

“ಸೀರಿ ಸಿಕ್ಕರ ಎಳಿ ಹರೀತೈತಿ. ಇದನ್ನ ಬೇಕಂತ ತುರುಕ್ಯಾರ.” ಅವರು ಉಂಡೆಯನ್ನು ಬಿಡಿಸಿ ಬೆಳಕಿಗೆ ಹಿಡಿದರು. ಎರಡು ಎಳೆಕಟ್ಟುಗಳು ಒಂದಕ್ಕೊಂದು ಕೂಡಿದ್ದವು. ಆದರೆ ಅಲ್ಲಿ ಗಂಟು ಇರಲಿಲ್ಲ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಹೊಕ್ಕು ಕುಳಿತಿತ್ತು.

ಜೋಹರಾ ಅದನ್ನು ಕರದಂಟಿನ ರಸೀದಿಯಲ್ಲಿ ಮಡಿಸಿ ಇಟ್ಟುಕೊಂಡರು.

*

ಹುನಗುಂದದ ಗುಜರಿ ಊರ ಹೊರಗಿತ್ತು. ಮಲೀಕಸಾಬ ಬೇವಿನ ನೆರಳಿನಿಂದ ಎದ್ದು ಬಂದು ಪದ್ಮಿನಿಯ ಸುತ್ತ ಒಂದು ಸುತ್ತು ಹಾಕಿದರು.

“ಈ ಗಾಡಿಗೆ ಗ್ಲಾಸು ಯಾಕ ಬೇಕ್ರಿ? ಕಣ್ಣಿನಂಗ ಐತಲ್ಲ!”

“ಶಿಳ್ಳಿ ಹೊಡೀತೈತಿ,” ಎಂದರು ಜೋಹರಾ.

“ಶಿಳ್ಳಿ ಹೊಡೀತೈತಂತ ಗ್ಲಾಸು ತಗಸಿದರ, ಗೊರಕಿ ಹೊಡಿತಾನಂತ ಗಂಡನ್ನೂ ತಗಸಬೇಕಾಗತೈತ್ರಿ ಬಾಯಾರ!”

ಅವರೊಬ್ಬರೇ ನಕ್ಕರು. ಶೈಲಶ್ರೀಯ ಬರಿಗೊರಳು ಕಣ್ಣಿಗೆ ಬಿದ್ದು ನಗು ಅರ್ಧಕ್ಕೆ ನಿಂತಿತು. “ತಪ್ಪಾತ್ರಿ ತಾಯಿ. ನಾಲಗಿ ಕೆಟ್ಟದು ನನ್ನದು. ಬರ್ರಿ, ನೆರಳಿಗೆ ಕುಂಡರ್ರಿ.”

“ಇರಲಿ ಬಿಡ್ರಿ ಕಾಕಾರ,” ಎಂದಳು ಶೈಲಶ್ರೀ.

ಜೋಹರಾ ಕರವಸ್ತ್ರ ಬಿಚ್ಚಿ ತುಂಡನ್ನು ಹಿಡಿದರು. “ಇದರ ಜೋಡಿ ಕೂಡೂ ಗ್ಲಾಸು ಬೇಕಾಗಿತ್ತು.”

ಮಲೀಕಸಾಬ ತುಂಡನ್ನು ತೆಗೆದುಕೊಂಡರು. ಮಾರ್ಕು ನೋಡಲಿಲ್ಲ. ಮೊದಲು ಅಂಚು ನೋಡಿದರು. ಆಮೇಲೆ ಜೋಹರಾ ಅವರ ಕೈಯಲ್ಲಿದ್ದ ಕರವಸ್ತ್ರವನ್ನು ನೋಡಿದರು. ನೀಲಿ ಗೆರೆಯ ಅಂಚಿನ ಬಿಳಿ ಕರವಸ್ತ್ರ.

“ಇದು ನಿಮ್ಮ ಕೈಗೆ ಹೆಂಗ ಬಂತ್ರಿ?”

“ಯಾಕ?”

“ಈ ಅಂಚು ಕೊಯ್ದಾಂವ ನಾನ. ಒಬ್ಬಾಂವ ಹುಡುಗ ಬೈಕ ಮ್ಯಾಲ ಬಂದಿದ್ದ. ಮೂಲಿ ತಂದಿದ್ದ, ಇದ ದಸ್ತ್ಯಾಗ ಸುತ್ತಿಕೊಂಡು. ಪೊರಿ ಜೋತಾಡತಿತ್ತು, ಚೂರು ಹತ್ತಿದ್ವು. ಕೈ ಕೊಯ್ಕೊಂಡೀಯಪ್ಪ ಅಂತ ನಾನ ಬ್ಲೇಡ ತಗೊಂಡು ಹಸನ ಮಾಡಿ ಕೊಟ್ಟೆ.”

ಶೈಲಶ್ರೀ ಮೊಬೈಲ್ ತೆಗೆದಳು.  ಗಂಡನ ಫೋಟೋ ತೋರಿಸಿದಳು.

“ಇವರೇನ್ರಿ?”

ಮಲೀಕಸಾಬ ಕನ್ನಡಕ ಏರಿಸಿ ನೋಡಿದರು. ಫೋಟೋವನ್ನೊಮ್ಮೆ, ಅವಳನ್ನೊಮ್ಮೆ.

“ಇವರ.”

ಬೇವಿನ ಮರದಲ್ಲಿ ಕಾಗೆಯೊಂದು ಕೂಗಿ ಸುಮ್ಮನಾಯಿತು. ತುಂಡು ಕೊಂದವರ ವಾಹನದ್ದಲ್ಲ. ಗಂಡ ತನ್ನ ಗಾಡಿಗೆ ಗಾಜು ಹುಡುಕಲು ಕಿಸೆಯಲ್ಲಿಟ್ಟುಕೊಂಡು ತಿರುಗಿದ ಮಾದರಿ ಅದು. ಶೈಲಶ್ರೀಗೆ ಅರ್ಷದನ ಮಾತು ನೆನಪಾಯಿತು. ಗಾಡಿ ತರಬ್ಯಾಡ್ರಿ, ಮೂಲಿ ತರ್ರಿ.

“ಗ್ಲಾಸು ಕೊಟ್ರೇನು ನೀವು?” ಜೋಹರಾ ಕೇಳಿದರು.

“ಎಲ್ಲಿ ಕೊಡ್ಲಿ? ಅಲ್ಲೆ ನೋಡ್ರಿ, ಅದರಾಗ ಇತ್ತು.” ಮೂಲೆಯಲ್ಲಿ ಗಾಲಿಯಿಲ್ಲದ ಪದ್ಮಿನಿಯೊಂದು ಇಟ್ಟಿಗೆಗಳ ಮೇಲೆ ಕುಳಿತಿತ್ತು. ಅದರ ಮುಂದಿನ ಗಾಜಿನ ಜಾಗ ಖಾಲಿಯಿತ್ತು. “ಹಳೇ ಗ್ಲಾಸು ಒಡೀದಂಗ ತಗದು ಹಳೇ ಗಾಡಿಗೆ ಕುಂಡರಸಾಂವ ಈ ಕಡೆ ಇಳಕಲ್ಲಿನ ನೀಲಪ್ಪ ಒಬ್ಬನ. ಅಂವ ಅವತ್ತು ಊರಾಗ ಇದ್ದಿಲ್ಲ. ಒಂದು ವಾರ ತಡಿಯಪ್ಪ ಅಂದೆ. ‘ತಡಿಯಾಕ ಬರಂಗಿಲ್ಲ, ನಾಳೆ ಹುಬ್ಬಳ್ಳಿಗೆ ಹೋಗಿ ನೋಡತೇನಿ’ ಅಂದ. ಹ್ವಾದಾಂವ ಹೊಳ್ಳಿ ಬರಲಿಲ್ಲ.”

ಬಾದಾಮಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲೇ ಕುಳಗೇರಿ ಕ್ರಾಸ್ ಇದೆ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

“ಮತ್ತ ಈ ಗ್ಲಾಸು ಎಲ್ಲಿ ಹೋತು?”

“ಆಮ್ಯಾಲ ನೀಲಪ್ಪನ ಬಂದು ತಗೊಂಡು ಹೋದ. ಯಾರಿಗೆ ಅಂತ ನಾ ಕೇಳಲಿಲ್ಲ.”

ತಮ್ಮ ಗಾಡಿಯ ಹತ್ತಿರ ಬಂದು ಜೋಹರಾ ಅಂಗೈಯನ್ನು ಅದರ ಗಾಜಿನ ಮೇಲಿಟ್ಟರು. “ಒಡದ ಗ್ಲಾಸಿನ ಮೂಲಿ ನಿನ್ನ ಗಂಡನ ಕಿಸೇದಾಗ. ಗಾಡ್ಯಾಗ ಇಡೀ ಗ್ಲಾಸು. ಅವನು ಹೋದಮ್ಯಾಲ ಯಾರೋ ಇದನ್ನ ಹಾಕಿಸ್ಯಾರ.”

“ನಿಮಗ ಮದ್ಲ ಗೊತ್ತಿತ್ತು.”

“ಸಂಶಯ ಇತ್ತು. ರಸ್ತೇದಾಗ ಆರಿಸಿದ ತುಂಡು ಅಷ್ಟು ಹಸನ ಇರಂಗಿಲ್ಲ.”

“ಹೇಳಬಹುದಿತ್ತಲ್ರಿ.”

“ಹೇಳಿದ್ದರ ನೀ ಈ ಗಾಡಿ ತರತಿದ್ದಿಲ್ಲ. ಇದು ಬರಬೇಕಾಗಿತ್ತು.”

ಶೈಲಶ್ರೀ ಚಾಲಕನ ಸೀಟಿನಲ್ಲಿ ಕುಳಿತಳು. ಈವರೆಗೆ ಅವಳ ಬಳಿ ಇದ್ದದ್ದು ಒಂದೇ ಒಂದು ಸಾಕ್ಷಿ. ರಾತ್ರಿಯೆಲ್ಲ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಅದು ಈಗ ಬರೀ ಒಂದು ಗಾಜಿನ ತುಂಡು. ಅವಳು ಅಳಲಿಲ್ಲ. ಎರಡನೆಯ ಗೇರನ್ನು ಸಾವಕಾಶ ಹಾಕಿದಳು.

*

ಇಳಕಲ್ಲಿನ ಓಣಿಯಲ್ಲಿ ಪವರ್‌ಲೂಮುಗಳ ಸದ್ದು ಮನೆಯಿಂದ ಮನೆಗೆ ಸಾಗಿ ಬರುತ್ತಿತ್ತು. ನೀಲಪ್ಪನವರ ಮನೆಯಲ್ಲಿ ಮಾತ್ರ ಸದ್ದಿರಲಿಲ್ಲ. ಹೊರಕೋಣೆಯಲ್ಲಿ ಹಳೆಯ ಕುಣಿಮಗ್ಗವಿತ್ತು. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿಯ ಮೇಲೆ ಗೋಣಿತಟ್ಟು ಮುಚ್ಚಿತ್ತು. ಗೂಟಕ್ಕೆ ಕೆಂಪು ರೇಶ್ಮೆಯ ಲಡಿ, ಅದರ ಪಕ್ಕದಲ್ಲೇ ಕಪ್ಪು ರಬ್ಬರಿನ ಸುರುಳಿ.

ಜೋಹರಾ ಒಳಗೆ ಹೋದರು. ಶೈಲಶ್ರೀ ಹೊಸ್ತಿಲ ಆಚೆಗೇ ನಿಂತಳು.

“ಪದ್ಮಿನಿಗೆ ಗ್ಲಾಸು ಹಾಕ್ತೀರಂತ?”

“ಹಾಕತಿದ್ದೆ,” ಎಂದರು ನೀಲಪ್ಪ. ಅವರು ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. “ಈಗ ಯಾರು ಇಟ್ಟಾರ ಪದ್ಮಿನಿ?”

“ದೀಪಾವಳಿ ಆದಮ್ಯಾಲ ಒಂದು ಹಾಕೀರಿ.”

“ಇಲ್ರಿ.”

“ಮಲೀಕಸಾಬರ ಗುಜರ್ಯಾಗಿಂದ ಗ್ಲಾಸು ತಂದೀರಿ.”

“ತಂದಿದ್ದೆ. ಹಾದ್ಯಾಗ ಒಡೀತು.”

“ಒಡೀದಂಗ ತರಾವರು ನೀವೊಬ್ಬರ ಅಂತ ಊರ ತುಂಬ ಹೆಸರು ನಿಮ್ಮದು.”

“ದೃಷ್ಟಿ ಆಗೇತಿ ಹಂಗಾರ.”

ಜೋಹರಾ ರಸೀದಿಯ ಮಡಿಕೆ ಬಿಚ್ಚಿ ಕೆಂಪು ಎಳೆಯ ಉಂಡೆಯನ್ನು ಅವರ ಎಲೆ ತಟ್ಟೆಯ ಪಕ್ಕದಲ್ಲಿಟ್ಟರು.

ನೀಲಪ್ಪ ಅದನ್ನು ಮುಟ್ಟಲಿಲ್ಲ. “ಕೆಂಪು ರೇಶ್ಮಿ ಇಳಕಲ್ಲಾಗ ಎಲ್ಲಾರ ಮನ್ಯಾಗ ಐತ್ರಿ ಬಾಯಾರ. ಕಸದಾಗೂ ಸಿಗತೈತಿ.”

“ಗಾಡಿ ರಬ್ಬರಿನ ಸಂದ್ಯಾಗ ಸಿಗತೈತೇನು? ನೀರು ಇಳೀಬಾರದಂತ ಗ್ರೀಸು ಹಚ್ಚಿ ತುರುಕ್ಯಾರ. ಬ್ಯಾರೇದವರಾಗಿದ್ದರ ಒಂದು ಚಿಂದಿ ತುರುಕತಿದ್ರು. ಹೆಚ್ಚಂದರ ಗಂಟು ಹಾಕತಿದ್ರು. ಇದಕ್ಕ ಕೊಂಡಿ ಹಾಕೇತಿ. ಸೀರಿ ಒಡಲಿಗೆ ಸೆರಗು ಕೂಡಸೂ ಕೊಂಡಿ. ನಮ್ಮವ್ವ ಇಳಕಲ್ಲ ಸೀರಿ ಬಿಟ್ಟು ಬ್ಯಾರೆ ಉಟ್ಟಾಕಿ ಅಲ್ಲ. ಸಣ್ಣಾಕಿದ್ದಾಗ ಸೀರಿ ತಿರುವಿ ಹಾಕಿ ಇದನ್ನ ಎಣಿಸಿಕೋತ ಕುಂಡ್ರತಿದ್ದೆ. ನೀವು ಬೇಕಂತ ಹಾಕಿದ್ದಲ್ಲ ನೀಲಪ್ಪನವರ. ಕೈ ತಾನ ಹಾಕೇತಿ.”

ನೀಲಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆದರೂ ತಲೆಯಾಡಿಸಿದರು. “ನಾ ಮಾತು ಕೊಟ್ಟೇನ್ರಿ. ಸತ್ತ ಮನಿಯಾಗ ಕೊಟ್ಟ ಮಾತು ಅದು. ಪೊಲೀಸರನ್ನ ಕರಕೊಂಡು ಬರ್ರಿ, ಅವರಿಗೂ ಇಷ್ಟ ಹೇಳತೇನಿ.”

ಶೈಲಶ್ರೀ ಹೊಸ್ತಿಲು ದಾಟಿದಳು. ಬಾಗಿಲ ಬೆಳಕಿನಿಂದ ಈಚೆ ಬಂದಾಗ ಅವಳ ಮುಖ ಕಂಡಿತು.

ನೀಲಪ್ಪ ಎದ್ದು ನಿಂತರು.

“ನೀವೇನ್ರಿ ತಾಯಿ?”

“ನನ್ನ ಗುರ್ತೇನ್ರಿ ನಿಮಗ?”

“ಅವತ್ತು ನನ್ನ ಕೈಗೆ ನೀರು ಹಾಕಿದವರು ನೀವ ಅಲ್ರಿ? ಕೈ ತುಂಬ ಸಾಬೂನ ಇತ್ತು. ರಬ್ಬರು ಜಾರಲಿ ಅಂತ ಸಾಬೂನ ನೀರು ಹಚ್ಚತೇವಿ. ಹಿತ್ತಲದಾಗ ನಿಂತಿದ್ದೆ. ನೀವು ತಂಬಿಗಿ ತಂದು ನೀರು ಹಾಕಿದ್ರಿ. ಯಾರು ಏನು ಅಂತ ಕೇಳಲಿಲ್ಲ. ‘ಊಟ ಮಾಡಿ ಹೋಗ್ರಿ’ ಅಂದ್ರಿ.”

ಶೈಲಶ್ರೀಗೆ ನೆನಪಾಗಲಿಲ್ಲ. ಆ ದಿನಗಳಲ್ಲಿ ಅವಳು ಯಾರ್ಯಾರಿಗೋ ನೀರು ಕೊಟ್ಟಿದ್ದಳು. ಮುಖಗಳು ಉಳಿದಿರಲಿಲ್ಲ.

“ಯಾವ ದಿನಾರಿ ಅದು?” ಜೋಹರಾ ಮೆಲ್ಲಗೆ ಕೇಳಿದರು.

“ಇವರ ಮನ್ಯಾಗ ಸತ್ತವರ ದಿನದ ಕಾರ್ಯ ನಡದಿತ್ತು. ಪಡಸಾಲಿ ತುಂಬ ಮಂದಿ. ಭಜನಿ ನಡದಿತ್ತು. ಹಿರೇ ಬಾಯಾರು ನನ್ನ ಹಿಂದಿನ ಬಾಗಿಲದಿಂದ ಶೆಡ್ಡಿಗೆ ಕರಕೊಂಡು ಹೋದ್ರು. ಭಜನಿ ಮುಗೀದರಾಗ ಹಾಕಬೇಕು ಅಂದ್ರು.”

“ರತ್ನಾಬಾಯಿಯವರು?”

“ಹೆಸರು ಗೊತ್ತಿಲ್ರಿ. ತಲಿಗೆ ಪಟ್ಟಿ ಕಟ್ಟಿತ್ತು.”

ಓಣಿಯ ಮಗ್ಗಗಳ ಸದ್ದು ಒಮ್ಮೆ ಜೋರಾಗಿ ಮತ್ತೆ ಮೊದಲಿನಂತಾಯಿತು.

“ಮಗ ಒಡದಾನ, ಸೊಸಿಗೆ ಗೊತ್ತಾದರ ಇನ್ನಷ್ಟು ಸಂಕಟ ಪಡತಾಳ ಅಂದ್ರು,” ಎಂದರು ನೀಲಪ್ಪ. “ನಾ ನಂಬಿದೆ. ಹಳೇ ಗ್ಲಾಸು ಒಯ್ದು ಪುಡಿ ಮಾಡಿ ಹೂಳು ಅಂದ್ರು. ಪೊರಿ ಇದ್ದ ಗ್ಲಾಸು ಹಂಗ ಪುಡಿ ಆಗಂಗಿಲ್ರಿ. ಮತ್ತ… ಸತ್ತವರ ಸಾಮಾನು, ಹೂಳಾಕ ಕೈ ಬರಲಿಲ್ಲ.”

ಅವರು ಬಗ್ಗಿ ಕುಣಿಯ ಮೇಲಿನ ಗೋಣಿತಟ್ಟನ್ನು ಸರಿಸಿದರು.

ಕುಣಿಯೊಳಗೆ ಗಾಜು ನಿಂತಿತ್ತು. ನೀಲಪ್ಪ, ಜೋಹರಾ ಇಬ್ಬರೂ ಹಿಡಿದು ಮೇಲೆತ್ತಿ ಮಗ್ಗದ ಮರಕ್ಕೆ ಒರಗಿಸಿದರು. ಅದರ ಕೆಳಗಿನ ಎಡಮೂಲೆ ಇರಲಿಲ್ಲ.

ಜೋಹರಾ ಕರವಸ್ತ್ರವನ್ನು ಶೈಲಶ್ರೀಗೆ ಕೊಟ್ಟರು. ಅವಳು ಕುಳಿತು ತುಂಡನ್ನು ಆ ಮೂಲೆಗೆ ಹಿಡಿದಳು. ಕೂದಲೆಳೆಯಷ್ಟೂ ಸಂದಿಲ್ಲದೆ ಅದು ತನ್ನ ಜಾಗದಲ್ಲಿ ಕುಳಿತಿತು.

“ಒಡದದ್ದು ನೋಡ್ರಿ,” ಎಂದರು ನೀಲಪ್ಪ. “ಹೊರಗಿಂದ ಕಲ್ಲು ಬಡದರ ಒಳಗ ತಗ್ಗು ಬೀಳತೈತಿ. ಇದು ಹೊರಗ ಉಬ್ಬೇತಿ. ಒಳಗ ಕುಂತವರ ತಲಿ ಬಡದೈತಿ. ಗಕ್ಕನ ಬ್ರೇಕ ಹಾಕಿದಾಗ ಹಿಂಗಾಗತೈತಿ.”

ಜೇಡರಬಲೆಯಂಥ ಬಿರುಕು. ನಡುವೆ ಅಂಗೈಯಷ್ಟು ಜಾಗ ಆಚೆಗೆ ಉಬ್ಬಿತ್ತು. ಜೋಹರಾ ಕನ್ನಡಕ ತೆಗೆದು ಹತ್ತಿರ ಬಗ್ಗಿದರು. ಬಿರುಕಿನಲ್ಲಿ ಕೂದಲೊಂದು ಸಿಕ್ಕಿಕೊಂಡಿತ್ತು. ಪಿನ್ನಿನಿಂದ ಬಿಡಿಸಿ ಎಳೆದರು. ಅದು ಬರುತ್ತಲೇ ಇತ್ತು. ಮೊಳದುದ್ದದ ಕೂದಲು, ಅರ್ಧ ಕಪ್ಪು, ಅರ್ಧ ಬಿಳಿ.

“ಅತ್ತೀನೂ ಗಾಡ್ಯಾಗ ಇದ್ರು,” ಎಂದಳು ಶೈಲಶ್ರೀ. “ಅವರ ಬಾಜೂಕ ಕುಂತಿದ್ರು. ಅದಕ್ಕ ಗಾಯ.”

“ಬಾಜೂಕ?” ಜೋಹರಾ ನೆಟ್ಟಗಾದರು. “ಗ್ಲಾಸು ನಾವು ಹೆಂಗ ನಿಲ್ಲಿಸೇವಿ ನೋಡು. ನಾವು ಈಗ ಗಾಡಿ ಒಳಗ ಕುಂತಂಗ ನೋಡಾಕತ್ತೇವಿ. ಮೂಲಿ ಹೋದದ್ದು ಎಡಕ್ಕ. ತಲಿ ಬಡದದ್ದು ಎಲ್ಲಿ?”

ಶೈಲಶ್ರೀ ನೋಡಿದಳು.

ಬಿರುಕಿನ ನಡು ಬಲಗಡೆಯಿತ್ತು. ಸ್ಟೇರಿಂಗಿನ ನೇರಕ್ಕೆ.

ಚೋಕ ಪೂರಾ ಎಳೀಬ್ಯಾಡ. ಎರಡನೇ ಗೇರು ಬಿಗಿ ಐತಿ. ಮಗ ಹೇಳಿದ್ದನ್ನು ತಾಯಿ ಹೇಳುತ್ತಿದ್ದಾರೆಂದು ಬೆಳಿಗ್ಗೆ ಅಂದುಕೊಂಡಿದ್ದಳು. ಮದುವೆಯಾಗಿ ಬಂದಾಗಿನಿಂದ ಅತ್ತೆ ಗಾಡಿ ಹೊಡೆದದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಬರುತ್ತದೆಯೇ ಎಂದು ಕೇಳಿರಲೂ ಇಲ್ಲ. ಅತ್ತೆ ಒಡೆದ ಗಾಜಿಗಾಗಿಯೇ ಸಂಗಮೇಶ ಹುಬ್ಬಳ್ಳಿಯ ದಾರಿ ಹಿಡಿದಿದ್ದ.

ಕೈಯಲ್ಲಿದ್ದ ಮೊಬೈಲ್ ಅಲುಗಿತು. ಪರದೆಯ ಮೇಲೆ ‘ಅತ್ತಿ’ ಎಂದಿತ್ತು.

ಜೋಹರಾ ಕಣ್ಣಿನಲ್ಲೇ ಸನ್ನೆ ಮಾಡಿದರು. ಶೈಲಶ್ರೀ ಸ್ಪೀಕರ್ ಒತ್ತಿದಳು.

“ಹೊಂಡದ ನೀರು ತಣ್ಣಗಿತ್ತೇನವಾ?” ರತ್ನಾಬಾಯಿಯ ದನಿ ಎಂದಿನಂತೆಯೇ ಇತ್ತು. ಹಿಂದೆ ಮೊರದಲ್ಲಿ ಜೋಳ ಕೇರುವ ಸದ್ದು.

“ತಣ್ಣಗಿತ್ತು ಅತ್ತಿ.”

“ಬಾಯಾರ ಮಣಕಾಲು ಹಗೂರ ಆತೇನು?”

ಶೈಲಶ್ರೀ ಜೋಹರಾ ಅವರ ಕಡೆ ನೋಡಿದಳು. ಕೇರುವ ಸದ್ದು ನಿಂತಿತು.

“ಅಮೀನಗಡದ ಹಾದ್ಯಾಗ ಎಡಗಡೆ ಮೂಲಿ ಶಿಳ್ಳಿ ಹೊಡದಿರಬೇಕು. ರಸ್ತೆ ನೆಟ್ಟಗಾತಂದರ ಹೊಡೀತೈತಿ ಅದು. ಹೆದರಬ್ಯಾಡ. ನೀಲಪ್ಪ ಅಲ್ಲೆ ಅದಾನಲ್ಲ, ಅವಗ ಹೇಳು, ಸರಿ ಮಾಡಿ ಕೊಡತಾನ.”

ಕರೆ ಮುಗಿಯಿತು.

ನೀಲಪ್ಪ ಗಾಜು ಹಾಕಿದ ಮೇಲೆ ಆ ಗಾಡಿ ಶೆಡ್ಡಿನಿಂದ ಹೊರಬಿದ್ದದ್ದು ಇವತ್ತೇ ಮೊದಲು ಎಂದು ಶೈಲಶ್ರೀ ನಂಬಿದ್ದಳು.